ದೊರೆ ಮೇಡೆ ಮತ್ತು ಆ ಬೆಳಗಿನ ಹಾಸು

ಕೋಳಿ ಕೂಗುವುದಕ್ಕೆ ಮುಂಚೆಯೇ ಮಗ್ಗದ ಲಾಳಿ ಸದ್ದು ಮಾಡುತ್ತಿದ್ದ ಕಾಲ ಅದು. ಹಿಂದೂಪುರದಿಂದ ರೊದ್ದಂ ಕಡೆಗೆ ಹೋಗುವ ಬಸ್ಸು ನಮ್ಮೂರ ಗೇಟಿನಲ್ಲಿ ದಿನಕ್ಕೆ ಎರಡು ಸಲ ನಿಲ್ಲುತ್ತಿತ್ತು. ಬಸ್ಸಿನ ಬೋರ್ಡು ತೆಲುಗು, ಶಾಲೆಯ ಪುಸ್ತಕ ತೆಲುಗು, ಮನೆಯೊಳಗೆ ಕನ್ನಡ. ನಮ್ಮಂಥ ಮಕ್ಕಳು ಎಣಿಸುವುದು ತೆಲುಗಿನಲ್ಲಿ, ಅಳುವುದು ಕನ್ನಡದಲ್ಲಿ. ಇದರಲ್ಲಿ ವಿಶೇಷವೇನಾದರೂ ಇದೆಯೆಂದು ನಮಗಾಗಲಿ ನಮ್ಮ ಮೇಷ್ಟರಿಗಾಗಲಿ ಅನ್ನಿಸಿರಲಿಲ್ಲ.

ನಮ್ಮದು ನೇಯ್ಗೆಯವರ ಬೀದಿ. ಎರಡೂ ಕಡೆ ಹದಿನಾಲ್ಕು ಮನೆ, ಮನೆಗೊಂದು ಗುಂಡಿ ಮಗ್ಗ. ಬೀದಿಯ ಪಡುವಣ ತುದಿಯಲ್ಲಿ ನಿಂತು ತಲೆಯೆತ್ತಿದರೆ ಎದುರಿಗೇ ಗುಡ್ಡ. ಗುಡ್ಡದ ನೆತ್ತಿಯಲ್ಲಿ ದೊರೆ ಮೇಡೆ.

ಹೆಸರಿಗೆ ಮೇಡೆ, ಅಂದರೆ ತೆಲುಗಿನಲ್ಲಿ ಮಹಡಿಮನೆ, ಆದರೆ ಅದು ವಾಸದ ಮನೆಯಲ್ಲ. ಇಟ್ಟಿಗೆ ಗಾರೆಯ ದುಂಡನೆಯ ಗೋಪುರ, ಮೂರು ಆಳೆತ್ತರಕ್ಕಿಂತ ಹೆಚ್ಚು. ಚೂಪು ಕಮಾನಿನ ಕಿಟಕಿಗಳಿದ್ದವು, ಕಿಟಕಿಯ ಹಿಂದೆ ಕೋಣೆಯಿರಲಿಲ್ಲ. ಒಳಗೆ ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲು ಚಪ್ಪಡಿಗಳೇ ಮೆಟ್ಟಿಲು, ಸುತ್ತಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ಮೇಲೆ ಸೂರಿಲ್ಲ, ಒಂದೂವರೆ ಅಡಿ ಅಗಲದ ಕಟ್ಟೆ ಮಾತ್ರ. ಪೆನುಕೊಂಡದಲ್ಲಿ ಕೋಟೆಯಿದೆ, ಲೇಪಾಕ್ಷಿಯಲ್ಲಿ ಗುಡಿಯಿದೆ, ಅವುಗಳಿಗೆಲ್ಲ ಒಂದು ಕಾರಣವಿದೆ. ಇದಕ್ಕೆ ಯಾವ ಕಾರಣವೂ ಇರಲಿಲ್ಲ.

"ಬರಗಾಲದಾಗೆ ಕಟ್ಟಿದ್ದು ಕಣಮ್ಮ," ಎನ್ನುತ್ತಿದ್ದಳು ನಮ್ಮಜ್ಜಿ, ಕಂಡಿಕೆಗೆ ನೂಲು ಸುತ್ತುತ್ತಾ. "ಯಾವನೋ ಬಿಳೀ ದೊರೆ. ಅವನ ದೇಸದಾಗೆ ಅವನೂರ ಗುಡ್ಡದ ಮ್ಯಾಲೆ ಇಂಥದ್ದೇ ಒಂದಿತ್ತಂತೆ. ಸಣ್ಣೋನಾಗಿದ್ದಾಗ ಹತ್ತಿ ಇಳೀತಿದ್ನಂತೆ. ಇಲ್ಲಿಗೆ ಬಂದು ಅದನ್ನ ನೆನುಸ್ಕಂಡು ಸೊರಗೋದ. ನಮ್ಮ ಅಜ್ಜೀರ ಕೈಲಿ ಇಟ್ಟಿಗೆ ಹೊರ್ಸಿ, ದಿನಕ್ಕೊಂದು ಚೊಂಬು ಗಂಜಿ ಕೊಟ್ಟು ಕಟ್ಟುಸ್ದ."

"ಅದರಿಂದ ಏನುಪಯೋಗ ಅಜ್ಜಿ?"

"ಏನೂ ಇಲ್ಲ. ನೋಡಾಕೆ. ಹತ್ತಿ ನಿಂತ್ಕಂಡು ಬರೀ ನೋಡಾಕೆ."

ಗಂಗರತ್ನ ನನ್ನ ಜೀವದ ಗೆಳತಿ. ಊರಿಗೆಲ್ಲ ಅವಳು ಗಂಗಿ. ಅವರದು ಹೊಲಗೆಲಸದ ಮನೆತನ, ಪಕ್ಕದ ಬೀದಿ. ಅವಳ ಅವ್ವ ಹನುಮಕ್ಕನವರ ಮನೆಯಿಂದ ಹಸಿ ಕಡಲೆಕಾಯಿ ಬೇಯಿಸಿದ ವಾಸನೆ ಬಂದರೆ ನಾನು ಪುಸ್ತಕ ಮುಚ್ಚಿ ಓಡುತ್ತಿದ್ದೆ. ಗಂಗಿ ನನಗಿಂತ ಆರು ತಿಂಗಳು ಚಿಕ್ಕವಳು, ಲೆಕ್ಕದಲ್ಲಿ ನನಗಿಂತ ಚುರುಕು. ಕುಂಟಾಬಿಲ್ಲೆಯಲ್ಲಂತೂ ಅವಳನ್ನು ಸೋಲಿಸಿದವರಿರಲಿಲ್ಲ. ಒಂಟಿ ಕಾಲಿನಲ್ಲಿ ಎಂಟೂ ಮನೆ ದಾಟಿ, ತಿರುಗಿ, ಉಸಿರು ಬಿಡದೆ ವಾಪಸು ಬರುತ್ತಿದ್ದಳು. ಈ ಮಾತು ಬರೆಯುವಾಗ ನನ್ನ ಪೆನ್ನು ಒಂದು ಗಳಿಗೆ ನಿಂತಿತು.

ಹಾಸಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಸೀರೆಗೆ ಉದ್ದಕ್ಕೆ ಹೋಗುವ ಎಳೆಗಳನ್ನೆಲ್ಲ ಸೇರಿಸಿ ಹಾಸು ಅನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಹಾಕಬೇಕು. ಮನೆಯೊಳಗೆ ಅಷ್ಟು ಜಾಗವೆಲ್ಲಿ? ಬೆಳಗಿನ ಜಾವ, ಗಾಳಿ ಏಳುವ ಮೊದಲು, ಬೀದಿಯ ಉದ್ದಕ್ಕೂ ಹಾಸನ್ನು ಎಳೆದು ಎರಡು ತುದಿಯಲ್ಲಿ ಗೂಟಕ್ಕೆ ಬಿಗಿಯುತ್ತಿದ್ದರು. ನಡುವೆ ಅಲ್ಲಲ್ಲಿ ಕತ್ತರಿಯಂತೆ ಕಟ್ಟಿದ ಬಿದಿರ ಕೋಲುಗಳ ಆಸರೆ. ಹುಳಿ ವಾಸನೆಯ ಗಂಜಿಯನ್ನು ಎಳೆಗಳಿಗೆ ಸವರಿ, ಉದ್ದನೆಯ ಕುಂಚ ಹಿಡಿದ ಗಂಡಸರು ಎರಡೂ ಕಡೆ ನಡೆಯುತ್ತಾ ಉಜ್ಜುತ್ತಿದ್ದರು. ತುಂಡಾದ ಎಳೆಯನ್ನು ಹೆಂಗಸರು ಹುಡುಕಿ ಗಂಟು ಹಾಕುತ್ತಿದ್ದರು. ಗಂಜಿ ಆರುವವರೆಗೆ ಕೈ ನಿಲ್ಲುವಂತಿಲ್ಲ. ನಿಂತರೆ ಎಳೆಗೆ ಎಳೆ ಅಂಟಿ, ಇಡೀ ಹಾಸು ಹಗ್ಗವಾಗುತ್ತಿತ್ತು. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಅಡ್ಡ ಹಾಯುತ್ತಿರಲಿಲ್ಲ. ಎಮ್ಮೆ ಹೊಡೆದುಕೊಂಡು ಬಂದವರು ಸುತ್ತಿ ಹೋಗುತ್ತಿದ್ದರು.

ನಮ್ಮ ಮನೆಯ ಕತ್ತರಿಗೋಲು ಒಂದು ಜೊತೆ ಮುರಿದುಹೋಗಿತ್ತು. ಅದರ ಜಾಗದಲ್ಲಿ ನನ್ನನ್ನು ನಿಲ್ಲಿಸುತ್ತಿದ್ದರು. ಎದೆಯೆತ್ತರಕ್ಕೆ ಅಡ್ಡ ಬಿದಿರು ಹಿಡಿದು, ಅದರ ಮೇಲೆ ಹಾಸಿನ ಭಾರ ಹೊತ್ತು, ಕೊನೆಯವರೆಗೆ ಅಲುಗಾಡದೆ ನಿಲ್ಲುವುದು ನನ್ನ ಕೆಲಸ. ಅಪ್ಪನದು ಒಂದೇ ಕಟ್ಟಳೆ: "ಬಾಯಿ ಬಿಟ್ರೆ ಕೈ ಅಲ್ಲಾಡ್ತದೆ. ಹಾಸು ಏಳೋಗಂಟ ಮಾತಿಲ್ಲ."

ಆ ವರ್ಷ ಶ್ರಾವಣದಲ್ಲಿ ನಾನು ಆ ಕಟ್ಟಳೆ ಮುರಿದಿದ್ದೆ. ಎದುರಿನ ಜಗುಲಿಯ ಮೇಲೆ ಗಂಗಿ ಮೇಷ್ಟರಂತೆ ಮೂಗು ಸೊಟ್ಟಗೆ ಮಾಡಿ ತೋರಿಸಿದಳು. ನಾನು ಪಕ್ಕನೆ ನಕ್ಕೆ. ಬಿದಿರು ಜಾರಿತು, ಒದ್ದೆ ಹಾಸು ಮಣ್ಣಿಗೆ ಬಿತ್ತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ನೀರು ಕೊಟ್ಟರೆ ಕುಡಿಯುತ್ತಿದ್ದರು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಹತ್ತು ವರ್ಷದ ನನಗೆ ಅದಕ್ಕಿಂತ ದೊಡ್ಡ ಭಯ ಇರಲಿಲ್ಲ.

ದಸರಾ ರಜೆ ಬಂತು. ಆ ಗುಡ್ಡದ ತುಂಬ ಸೀತಾಫಲದ ಗಿಡ. ಬೆಳಕು ಹರಿಯುವ ಮೊದಲು ಹೋದವರಿಗೆ ಕಣ್ಣು ಬಿಟ್ಟು ಬಲಿತ ಕಾಯಿ, ತಡವಾಗಿ ಹೋದವರಿಗೆ ಬರೀ ಎಲೆ. ತಂದ ಕಾಯನ್ನು ರಾಗಿ ಹೊಟ್ಟಿನಲ್ಲಿ ಹೂತಿಟ್ಟರೆ ಮೂರನೆಯ ದಿನ ಮನೆಯೆಲ್ಲ ಘಮ್ಮೆನ್ನುತ್ತಿತ್ತು.

ಹಿಂದಿನ ರಾತ್ರಿ ಉಣ್ಣುವಾಗ ಅಪ್ಪ ಹೇಳಿದ್ದರು, "ನಾಳೆ ನಮ್ಮದು ಹಾಸು. ಹೊತ್ತು ಹುಟ್ಟೋ ಹೊತ್ತಿಗೆ ಕೋಲತ್ರ ಇರ್ಬೇಕು ನೀನು." ಹೂಂ ಅಂದಿದ್ದೆ. ಸೀತಾಫಲಕ್ಕೆ ಬರುತ್ತೇನೆಂದು ಗಂಗಿಗೂ ಹೂಂ ಅಂದಿದ್ದೆ. ಕತ್ತಲಲ್ಲೇ ಹೋಗಿ ಹೊತ್ತು ಹುಟ್ಟುವುದರೊಳಗೆ ಬಂದರಾಯಿತಲ್ಲ ಎಂಬುದು ನನ್ನ ಲೆಕ್ಕ.

ಇಬ್ಬರೂ ಒಂದು ಬುಟ್ಟಿ ಹಿಡಿದು ಗುಡ್ಡ ಹತ್ತಿದೆವು. ಗಂಗಿಯದು ಹಳದಿ ಲಂಗ, ನನ್ನದು ಕೆಂಪು. ಹಿಂದಿನ ದಿನ ಮಳೆ ಬಿದ್ದಿತ್ತು. ಒದ್ದೆ ಬಂಡೆ, ಒದ್ದೆ ಹುಲ್ಲು, ಕಾಲಿಗೆ ತಣ್ಣಗೆ. ಅರ್ಧ ಬುಟ್ಟಿ ತುಂಬುವ ಹೊತ್ತಿಗೆ ಮೇಡೆಯ ಬುಡಕ್ಕೆ ಬಂದಿದ್ದೆವು.

"ಮೇಲಕ್ಕೆ ಹೋಗಾನೇನೆ?" ಅಂದೆ ನಾನು. "ಅಲ್ಲಿಂದ ನೋಡಿದ್ರೆ ಯಾವ ಗಿಡದಾಗೆ ಕಾಯೈತೆ ಅಂತ ಕಾಣ್ತದೆ."

"ಬ್ಯಾಡ ಕಣೆ ಅಲ್ಮೇಲು. ಅವ್ವ ಒದೀತಾಳೆ. ಕಲ್ಲು ಅಲ್ಲಾಡ್ತಾವಂತೆ."

"ಪುಕ್ಕಲಿ. ಕುಂಟಾಬಿಲ್ಲೆ ಆಡೋದೊಂದೇ ನಿಂಗೆ ಬರೋದು."

ಈ ಮಾತನ್ನು ನಾನೇ ಆಡಿದ್ದು. ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಬುಟ್ಟಿ ಕೆಳಗಿಟ್ಟು ನನಗಿಂತ ಮೊದಲೇ ಒಳಗೆ ಹೋದಳು. ಬಾವಲಿ ಹಿಕ್ಕೆಯ ಘಾಟು, ಹಳೆಯ ಗಾರೆಯ ತೇವ. ಗೋಡೆ ತಡವಿಕೊಂಡು ಒಂದೊಂದೇ ಚಪ್ಪಡಿ ಎಣಿಸುತ್ತಾ ಹತ್ತಿದೆವು, ಒಕಟಿ, ರೆಂಡು, ಮೂಡು. ಒಟ್ಟು ಮೂವತ್ತೊಂದು. ಹನ್ನೊಂದನೆಯದು ಕಾಲ ಕೆಳಗೆ ಕಟಕ್ ಎಂದಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಮೇಲೆ ಬಂದಾಗ ಮೂಡಣ ಕೆಂಪಾಗುತ್ತಿತ್ತು. ದೂರದಲ್ಲಿ ಪೆನುಕೊಂಡದ ಬೆಟ್ಟ ನೀಲಿ ಮುದ್ದೆಯ ಹಾಗೆ, ಈಚೆಗೆ ಕೆರೆ, ಕಡಲೆಕಾಯಿ ಹೊಲ, ನಮ್ಮೂರು. ಮನೆಗಳೆಲ್ಲ ಅಂಗೈ ಮೇಲೆ ಇಟ್ಟಂತಿದ್ದವು. ಗಂಗಿ ಬಾಯಿ ತೆರೆದು ನಿಂತಿದ್ದಳು.

"ಅಗೋ ನಮ್ಮನೆ! ನಮ್ಮವ್ವ ನೋಡೇ, ಕೊಟ್ಟಿಗೆಯಾಗಿಂದ ಬತ್ತಾವಳೆ!"

ನಾನು ನಮ್ಮ ಬೀದಿ ನೋಡಿದೆ. ಬೀದಿಯ ಉದ್ದಕ್ಕೂ ಸೀಮೆಸುಣ್ಣದಲ್ಲಿ ಎಳೆದಂತೆ ಒಂದು ಬಿಳೀ ಗೆರೆ. ಅದರ ಎರಡು ಕಡೆ ಜನ.

"ಅಯ್ಯೋ, ಹಾಸು ಎಳೆದ್ಬುಟ್ರು!"

ತಿರುಗಿದವಳೇ ಇಳಿಯತೊಡಗಿದೆ. ಗೋಡೆ ತಡವಲಿಲ್ಲ, ಎಣಿಸಲಿಲ್ಲ. ಎರಡು ಮೂರು ಚಪ್ಪಡಿ ಒಟ್ಟಿಗೆ ಹಾರಿ ಹಾರಿ ಇಳಿದೆ. ಹಿಂದಿನಿಂದ ಗಂಗಿ "ನಿಧಾನ ಕಣೇ" ಎಂದದ್ದು ಕೇಳಿಸಿತು. ಒಂದು ಕಲ್ಲಿನ ಮೇಲೆ ಇಡೀ ಮೈಭಾರ ಬಿಟ್ಟು ಮುಂದಿನದಕ್ಕೆ ಹಾರಿದೆ. ಬೆನ್ನ ಹಿಂದೆ ಆದ ಸದ್ದು ಇವತ್ತಿಗೂ, ಸೈಟಿನ ಮುಂದೆ ಲಾರಿ ಜಲ್ಲಿ ಸುರಿದಾಗ, ನನ್ನ ಮೈಯನ್ನು ಗೋಡೆಗೆ ಒತ್ತುತ್ತದೆ. ಹನ್ನೊಂದನೆಯ ಚಪ್ಪಡಿ ಬುಡಸಮೇತ ಕಿತ್ತು ಕೆಳಗಿನ ಎರಡನ್ನು ಬಡಿದುಕೊಂಡು ಹೋಯಿತು. ನಾನು ಎಂಟನೆಯದರ ಮೇಲೆ ಕುಕ್ಕರಿಸಿ ಕೂತಿದ್ದೆ. ಮಂಡಿ ತರಚಿತ್ತು, ಅಷ್ಟೇ.

ಧೂಳು ಇಳಿದ ಮೇಲೆ ನೋಡಿದರೆ ಗಂಗಿ ಹನ್ನೆರಡನೆಯ ಕಲ್ಲಿನ ಮೇಲೆ. ಅವಳಿಗೂ ನನಗೂ ನಡುವೆ ಮೂರು ಕಲ್ಲಿನಷ್ಟು ಖಾಲಿ. ಕೆಳಗೆ ಒಡೆದ ಚಪ್ಪಡಿಗಳು ಚೂಪಾಗಿ ಮೇಲೆ ಮುಖ ಮಾಡಿ ಬಿದ್ದಿದ್ದವು.

"ಹಾರ್ಲೇನೆ?"

"ಬ್ಯಾಡ! ಅಲ್ಲಾಡಬ್ಯಾಡ. ಅಪ್ಪನ್ನ ಕರ್ಕಂಡು ಬತ್ತೀನಿ. ಹಗ್ಗ ತತ್ತಾರೆ."

"ಬೇಗ ಬಾರೇ. ಇಲ್ಲಿ ಬಾವಲಿ ಅವೆ."

"ಮೇಲಕ್ಕೋಗಿ ಬೆಳಕಿನಾಗೆ ಕೂತ್ಕೊ. ನೂರು ಎಣ್ಸು. ಬಂದ್ಬುಡ್ತೀನಿ."

"ನೂರಾದ್ಮ್ಯಾಕೆ?"

"ಇನ್ನೊಂದ್ಸಲ ಎಣ್ಸು."

ಓಡಿದೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಸಿದ್ಧವಾಗಿತ್ತು: ಅಪ್ಪಾ, ಗಂಗಿ ದೊರೆ ಮೇಡೆ ಮೇಲೆ ಸಿಕ್ಕಾಕ್ಕಂಡವಳೆ. ಇಷ್ಟೇ ಮಾತು.

ಬೀದಿಗೆ ಬಂದಾಗ ಗಂಜಿ ಹಾಕಿ ಆಗಿತ್ತು. ನನ್ನ ಜಾಗದಲ್ಲಿ ಅಜ್ಜಿ ನಿಂತು, ನಡುಗುವ ಎರಡು ಕೈಯಲ್ಲಿ ಬಿದಿರು ಹಿಡಿದಿದ್ದಳು. ಹಾಸು ಅಲ್ಲಿ ಜೋತು ಬಿದ್ದಿತ್ತು. ಅಪ್ಪ ಕುಂಚ ಎಳೆಯುತ್ತಲೇ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಶ್ರಾವಣದಲ್ಲಿ ಎಂಟು ದಿನ ಆಚೆ ತಿರುಗಿದ್ದ ಮುಖ ಅದು.

"ಎಲ್ಲೋಗಿದ್ದೆ? ಹಿಡಿ."

ಹಿಡಿದೆ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಪ್ಪ ಬೆರಳನ್ನು ತುಟಿಯ ಮೇಲಿಟ್ಟು ಮುಂದೆ ಹೋದರು. ನಾನು ಹೇಳಿದರೆ ಎಲ್ಲರೂ ಓಡುತ್ತಾರೆ, ಹಾಸು ಅಂಟಿಹೋಗುತ್ತದೆ, ಎರಡನೆಯ ಸಲ, ಎರಡನೆಯ ಸಲವೂ ನನ್ನಿಂದಲೇ. ಮೇಡೆ ಹತ್ತಿದ್ದು ತಿಳಿಯುತ್ತದೆ, ಕಲ್ಲು ಮುರಿದದ್ದು ತಿಳಿಯುತ್ತದೆ. ಇನ್ನು ಸ್ವಲ್ಪ ಹೊತ್ತು, ಗಂಜಿ ಆರಿದ ತಕ್ಷಣ ಹೇಳುತ್ತೇನೆ ಅಂದುಕೊಂಡೆ. ಗಂಗಿ ಎಣಿಸುತ್ತಿದ್ದಾಳಲ್ಲ. ಇನ್ನೊಂದು ನೂರು ಎಣಿಸಲಿ.

ನಾನು ನಿಂತದ್ದು ಪಡುವಣ ತುದಿಯಲ್ಲಿ, ಗುಡ್ಡಕ್ಕೆ ಎದುರಾಗಿ. ತಲೆಯೆತ್ತಿದರೆ ಮೇಡೆ. ಮೇಡೆಯ ನೆತ್ತಿಯಲ್ಲಿ ಒಂದು ಹಳದಿ ಚುಕ್ಕೆ.

ಕುಂಚಗಳು ಹೋದವು, ಬಂದವು. ಬಿಸಿಲು ಏರಿತು. ಗಂಜಿಯ ಹುಳಿ ವಾಸನೆ ಮೂಗಿಗೆ ಅಡರಿತ್ತು. ಬಿದಿರಿನ ಗಿಣ್ಣು ಅಂಗೈಗೆ ಒತ್ತುತ್ತಿತ್ತು. ನಾನು ಹಾಸು ನೋಡುತ್ತಿದ್ದೆ, ಮತ್ತೆ ಚುಕ್ಕೆ ನೋಡುತ್ತಿದ್ದೆ. ಚುಕ್ಕೆ ಇದ್ದರೆ ಸರಿ ಎಂದು ಒಂದು ಕಟ್ಟಳೆ ಮಾಡಿಕೊಂಡಿದ್ದೆ.

ಹನುಮಕ್ಕ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಸಗಣಿಯ ಗುರುತು ಹಾಗೇ ಇತ್ತು. ಬೀದಿಯ ಕಟ್ಟಳೆ ಅವರಿಗೂ ಗೊತ್ತು, ಅಡ್ಡ ಹಾಯದೆ ಹಾಸಿನ ಪಕ್ಕದಲ್ಲೇ ನಡೆದು ನನ್ನ ಹತ್ತಿರ ನಿಂತರು.

"ನಮ್ಮ ಗಂಗೀನ ಕಂಡ್ರೇನಪ್ಪ ಯಾರಾನ? ಹಾಲು ಕಾಯಿಸಿಕ್ಕಿ ಕರೆದ್ರೆ ಅವಳ ಸುಳಿವೇ ಇಲ್ಲ."

ಅವರು ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನು. ನಾನು ಹಾಸಿನ ಎಳೆಗಳನ್ನು ನೋಡಿದೆ.

ಅಪ್ಪನೇ ಹೇಳಿದರು, "ನಮ್ಮುಡುಗಿ ಇಲ್ಲೇ ಅವಳೆ ಕಣಮ್ಮ. ಹಾಸಿನಾಗೆ ಮಾತಾಡಂಗಿಲ್ಲ ಅದು. ನಿಮ್ಮೋಳು ಇತ್ತ ಬರ್ಲಿಲ್ಲ."

"ಈ ಮುಂಡೇದು ಎಲ್ಲೋ ಸೀತಾಫಲಕ್ಕೆ ಹೋಗಿರ್ಬೇಕು, ಬರ್ಲಿ ಇವತ್ತು," ಎಂದು ನಕ್ಕು ಹನುಮಕ್ಕ ನನ್ನ ಕೆನ್ನೆ ಮುಟ್ಟಿದರು. "ನೋಡು ನಮ್ಮ ಅಲ್ಮೇಲು ಎಷ್ಟು ಬುದ್ವಂತೆ. ಎಂಗೆ ನಿಂತವ್ಳೆ ಗೂಟದಂಗೆ." ತಿರುಗಿ ಹೋದರು.

ಬಾಯಿ ಬಿಡದಿದ್ದರೂ ಸರಿ. ಬಿದಿರಿನಿಂದ ಒಂದು ಕೈ ತೆಗೆದು ಗುಡ್ಡದ ಕಡೆ ತೋರಿಸಿದ್ದರೆ ಸಾಕಾಗುತ್ತಿತ್ತು.

ಅದಾಗಿ ಸ್ವಲ್ಪ ಹೊತ್ತಿಗೆ ತಲೆಯೆತ್ತಿದೆ. ಮೇಡೆಯ ಮೇಲೆ ಹಳದಿ ಚುಕ್ಕೆ ಇರಲಿಲ್ಲ.

ಬಿಸಿಲಿಗೆ ಗೋಡೆಯ ಮರೆಗೆ ಕೂತಿರಬೇಕು ಅಂದುಕೊಂಡೆ. ಅಂದುಕೊಳ್ಳುತ್ತಲೇ ಅದು ಸುಳ್ಳೆಂದು ಗೊತ್ತಿತ್ತು. ಆದರೂ ನಿಂತೆ.

ಹಾಸು ಆರಿತು. ಅಷ್ಟು ಚೆಂದದ ಹಾಸು ಆ ವರ್ಷ ಯಾರದೂ ಆಗಿರಲಿಲ್ಲ ಎಂದು ಅಕ್ಕಪಕ್ಕದವರು ಅಂದರು. ಅಪ್ಪ ಅದನ್ನು ಸುತ್ತಿ ದಿಂಡು ಮಾಡಿ ಜಗುಲಿಯ ಮೇಲಿಟ್ಟು, ಅಪರೂಪಕ್ಕೆ ನನ್ನ ತಲೆ ಸವರಿದರು. ಆಗ ಹೇಳಿದೆ.

"ಅಪ್ಪಾ, ಗಂಗಿ ದೊರೆ ಮೇಡೆ ಮೇಲೆ ಸಿಕ್ಕಾಕ್ಕಂಡವಳೆ. ಕಲ್ಲು ಬಿದ್ದೋದ್ವು."

"ಯಾವಾಗ?"

"ಈಗ."

ಅಪ್ಪ ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು. ಬಿದಿರಿನ ಗಿಣ್ಣು ಕೆಂಪಗೆ ಅಚ್ಚೊತ್ತಿತ್ತು. ತರಚಿದ ಮಂಡಿ ನೋಡಿದರು, ರಕ್ತ ಆರಿ ಕಪ್ಪಾಗಿತ್ತು. ಗೂಟದಿಂದ ಹಾಸಿನ ಹಗ್ಗ ಬಿಚ್ಚಿಕೊಂಡು ಬರಿಗಾಲಲ್ಲಿ ಓಡಿದರು. ಹಿಂದೆ ಚಿಕ್ಕಪ್ಪ, ಅವರ ಹಿಂದೆ ಕುಂಚ ಹಿಡಿದವರೆಲ್ಲ.

ಹಗ್ಗ ಬೇಕಾಗಲಿಲ್ಲ. ಗಂಗಿ ತಾನೇ ಇಳಿಯಲು ಹೋಗಿ ಆ ಮೂರು ಕಲ್ಲಿನ ಜಾಗದಲ್ಲಿ ಬಿದ್ದಿದ್ದಳು. ಒಡೆದ ಚಪ್ಪಡಿಗಳ ನಡುವೆ ಎಡಗಾಲು ಮಡಚಿಕೊಂಡಿತ್ತು. ಅಪ್ಪ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದರು. ಬೀದಿಯಲ್ಲಿ ಹಾಯ್ದಾಗ ಅವಳ ಹಳದಿ ಲಂಗ ಹಳದಿಯಾಗಿರಲಿಲ್ಲ. ನನ್ನ ಕಡೆ ನೋಡಿದಳು. ಅಳುತ್ತಿರಲಿಲ್ಲ.

ಎತ್ತಿನ ಗಾಡಿಯಲ್ಲಿ ಗೇಟಿಗೆ, ಅಲ್ಲಿಂದ ಯಾರದೋ ಲಾರಿಯಲ್ಲಿ ಹಿಂದೂಪುರಕ್ಕೆ ಒಯ್ದರು. ಎರಡು ತಿಂಗಳು ಕಟ್ಟು. ಕಾಲು ಕೂಡಿತು, ಉದ್ದ ಕೂಡಲಿಲ್ಲ.

ಊರು ಕೇಳಿತು, ಹುಡುಗಿ ಮೇಲಿರೋದು ನಿಮಗೆ ಹೆಂಗೆ ಗೊತ್ತಾಯ್ತು ಅಂತ. ಅಪ್ಪ ಜೀವಮಾನದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನೆಲ ನೋಡುತ್ತಾ ಹೇಳಿದರು, "ನಮ್ಮುಡುಗಿ ಕಣ್ಣಿಗೆ ಬಿತ್ತು. ಮೇಡೆ ಮ್ಯಾಲೆ ಏನೋ ಹಳದೀದು ಆಡ್ದಂಗೆ." ಗಂಗಿ ಆಸ್ಪತ್ರೆಯಲ್ಲಿ ಹೇಳಿದಳಂತೆ, "ನಾನೊಬ್ಬಳೇ ಹೋಗಿದ್ದೆ."

ಹೀಗೆ ನಾನು ಗಂಗಿಯನ್ನು ಉಳಿಸಿದವಳಾದೆ. "ಹದ್ದಿನ ಕಣ್ಣು ಕಣಮ್ಮ ನಿನ್ನ ಮಗಳದು," ಎಂದು ಅಮ್ಮನಿಗೆ ಎಲ್ಲರೂ ಹೇಳಿದರು. ಹನುಮಕ್ಕ ಓಳಿಗೆ ಮಾಡಿಕೊಂಡು ಬಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನೀನು ಕಾಣ್ದಿದ್ರೆ ಸಂಜೆಗಂಟ ಅಲ್ಲೇ ಬಿದ್ದಿರ್ತಿತ್ತಲ್ಲೇ ನನ್ನ ಕೂಸು." ಬಿಸಿ ಓಳಿಗೆ, ಮೇಲೆ ತುಪ್ಪ. ತಿಂದೆ. ರುಚಿಯಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಆ ಸಂಜೆ ಅಪ್ಪ ಮುರಿದ ಕತ್ತರಿಗೋಲಿಗೆ ಹೊಸ ಬಿದಿರು ಕಟ್ಟಿದರು. ನಾನು ಹೊಸಿಲ ಮೇಲೆ ಕೂತಿದ್ದೆ. ಗಂಟು ಬಿಗಿಯುತ್ತಾ, ನನ್ನ ಕಡೆ ತಿರುಗದೆ ಅಂದರು:

"ಹಾಸು ಕೆಟ್ರೆ ಇನ್ನೊಂದು ಹಾಸು ಹಾಕಬೋದಿತ್ತು ಕಣವ್ವ."

ಅಷ್ಟೇ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಎಂದೂ ನನ್ನನ್ನು ಹಾಸಿನ ಕೋಲಿಗೆ ನಿಲ್ಲಿಸಲಿಲ್ಲ. ನಾನು ಹೆದರಿ ಬಾಯಿ ಬಿಡದ್ದಕ್ಕೆ ಶ್ರಾವಣದ ತಮ್ಮ ಎಂಟು ದಿನಗಳೂ ಕಾರಣವೆಂದು ಅವರಿಗೆ ಅನ್ನಿಸಿರಬೇಕೆಂದು, ನನ್ನ ಮಗಳು ನನಗೆ ಹೆದರಿ ಏನನ್ನೋ ಬಚ್ಚಿಟ್ಟ ದಿನ ನನಗೆ ಹೊಳೆಯಿತು. ಆಗ ಅಪ್ಪ ಇರಲಿಲ್ಲ.

ಆರನೆಯ ಕ್ಲಾಸಿಗೆ ನಾವು ಮೂರು ಮೈಲಿ ನಡೆಯಬೇಕಿತ್ತು. ಗಂಗಿಗೆ ನಡೆಯಲಾಗಲಿಲ್ಲ, ಶಾಲೆ ಬಿಟ್ಟಳು. ನಾನು ನಡೆದೆ. ಹಿಂದೂಪುರದಲ್ಲಿ ಹೈಸ್ಕೂಲು, ಆಮೇಲೆ ಕಾಲೇಜು. ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಡಂ ಒಂದು ಸಲ ಇಂಗ್ಲೆಂಡಿನ ಹಳ್ಳಿಗಾಡಿನ ಚಿತ್ರ ತೋರಿಸಿದರು. ಹಸಿರು ಗುಡ್ಡ, ಕುರಿಗಳು, ನೆತ್ತಿಯಲ್ಲಿ ಕಮಾನಿನ ಕಿಟಕಿಯ ಒಂಟಿ ಗೋಪುರ. ಅಲ್ಲಿನ ಸಿರಿವಂತರು ಸುಮ್ಮನೆ ನೋಟಕ್ಕೆಂದು ಇಂಥವನ್ನು ಕಟ್ಟಿಸುತ್ತಿದ್ದರಂತೆ, ಜನ ಈಗಲೂ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರಂತೆ. ಹುಡುಗಿಯರೆಲ್ಲ ಎಷ್ಟು ಚೆಂದ ಎಂದರು. ನಾನು ಚಿತ್ರದ ಗೋಪುರದ ತುದಿಯಲ್ಲಿ ಚುಕ್ಕೆ ಹುಡುಕುತ್ತಿದ್ದೆ.

ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದೆ, ಟೀಚರಾದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಟ್ರೇನಿಂಗಿಗೆ ರೊದ್ದಂಗೆ ಹೋಗಬೇಕಾಯಿತು. ಗಂಗಿ ಅಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆಂದು ಗೊತ್ತಿತ್ತು. ಎಷ್ಟೋ ವರ್ಷದಿಂದ ಗೊತ್ತಿತ್ತು. ಅವತ್ತು ಬಸ್ಸು ತಪ್ಪಿಹೋಯಿತು, ಬೇರೆ ನೆಪ ಉಳಿಯಲಿಲ್ಲ.

"ಅಯ್ಯೋ ದೇವುಡಾ! ಟೀಚರಮ್ಮ ಬಂದ್ಬುಟ್ಳು!" ಎಂದು ಮಿಷನ್ನಿನಿಂದ ಎದ್ದಳು. ಎಡಕ್ಕೆ ವಾಲಿ ನಾಲ್ಕು ಹೆಜ್ಜೆ ಬಂದು ನನ್ನ ಭುಜ ಹಿಡಿದಳು. "ಎಷ್ಟು ದಪ್ಪ ಆಗ್ಬುಟ್ಟಿದ್ದೀಯೆ! ಕೂತ್ಕೊ. ಟೀ ತರುಸ್ತೀನಿ. ಅಲ್ಲ, ಕೂತ್ಕಬ್ಯಾಡ, ಇದೊಂಚೂರು ಹಿಡ್ಕೊ."

ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ಕತ್ತರಿ ಹಾಕತೊಡಗಿದಳು. ಎದೆಯೆತ್ತರಕ್ಕೆ ಹಿಡಿದು ನಿಂತೆ. ಆ ನಿಲುವಿನಲ್ಲಿ ತಡೆಯಲಾಗಲಿಲ್ಲ.

"ಗಂಗೀ, ಅವತ್ತು ನಾನು ತಕ್ಷಣ ಹೇಳ್ಲಿಲ್ಲ ಕಣೆ. ಹಾಸು ಮುಗಿಯೋಗಂಟ..."

"ಗೊತ್ತು," ಅಂದಳು, ಕತ್ತರಿ ನಿಲ್ಲಿಸದೆ.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಲ್ಲಿಂದ ಎಲ್ಲಾ ಕಾಣ್ತಿತ್ತಲ್ಲೇ. ನೀನು ಕೆಂಪು ಲಂಗ ಉಟ್ಟಿದ್ದೆ. ಬೀದಿ ತುದೀಗೆ ಬಂದಿದ್ದು, ಕೋಲು ಹಿಡ್ಕಂಡಿದ್ದು, ಎಲ್ಲಾ." ಮಡಿಕೆ ಸವರಿ ಮುಂದುವರಿಸಿದಳು, "ಹಾಸು ಅಂದ್ರೆ ಮಾತಾಡಂಗಿಲ್ಲ, ನಂಗೂ ಗೊತ್ತಿತ್ತು. ಎಣಿಸ್ಕಂಡು ಕೂತಿದ್ದೆ. ಆಮ್ಯಾಕೆ ಅವ್ವ ನಿನ್ನತ್ರಕ್ಕೆ ಬಂದ್ಲು ನೋಡು, ಆವಾಗ ಎದ್ದು ನಿಂತ್ಕಂಡೆ. ಈಗ ಕೈ ತೋರುಸ್ತಾಳೆ, ಅವ್ವ ತಲೆ ಎತ್ತುತಾಳೆ, ನಾನು ಕೈ ಬೀಸ್ಬೇಕು ಅಂತ ಎರಡೂ ಕೈ ಎತ್ತಿ ಹಿಡ್ಕಂಡಿದ್ದೆ. ಅವ್ವ ನಿನ್ನ ಕೆನ್ನೆ ಮುಟ್ಟಿ ತಿರುಗಿ ಹೊಂಟೋದ್ಲು."

ಕತ್ತರಿ ಬಟ್ಟೆಯ ನಡುವೆ ಕರಕರ ಸಾಗುತ್ತಿತ್ತು.

"ಇನ್ಯಾರೂ ಬರಾಕಿಲ್ಲ ಅನ್ನುಸ್ತು. ಅದ್ಕೇ ನಾನೇ ಇಳಿಯಾಕೋದೆ."

ನನ್ನ ಕೈಯಲ್ಲಿದ್ದ ಬಟ್ಟೆ ನಡುಗತೊಡಗಿತು. ಗಂಗಿ ತಲೆಯೆತ್ತಿದಳು. ಆ ಮುಖದಲ್ಲಿ ಸಿಟ್ಟು ಹುಡುಕಿದೆ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಲ್ಲಾಡಿಸ್ಬ್ಯಾಡ ಕಣೆ," ಅಂದಳು. "ಸೊಟ್ಟ ಹೋಯ್ತದೆ."

ನಮ್ಮ ಬೀದಿಯಲ್ಲಿ ಈಗ ಹಾಸು ಎಳೆಯುವವರಿಲ್ಲ. ಗಂಜಿಯ ಹುಳಿ ವಾಸನೆ ನನ್ನ ಮಕ್ಕಳಿಗೆ ಗೊತ್ತಿಲ್ಲ. ಗೂಟಗಳಿದ್ದ ಜಾಗದಲ್ಲಿ ಸಿಮೆಂಟು ರಸ್ತೆ ಬಂದಿದೆ. ಮೇಡೆಯ ಬಾಗಿಲಿಗೆ ಯಾರೋ ಮುಳ್ಳುತಂತಿ ಸುತ್ತಿದ್ದಾರೆ, ಒಳಗೆ ಉಳಿದ ಕಲ್ಲುಗಳೂ ಒಂದೊಂದಾಗಿ ಬಿದ್ದುಹೋದವಂತೆ. ಸೀತಾಫಲ ಪ್ರತಿ ದಸರಾಕ್ಕೂ ಬಸ್ ಸ್ಟ್ಯಾಂಡಿಗೆ ಬರುತ್ತದೆ, ನಾನು ಕೊಳ್ಳುವುದಿಲ್ಲ. ಇವನ್ನೆಲ್ಲ ಕಳೆದುಕೊಂಡೆವೆಂದು ನನ್ನ ವಯಸ್ಸಿನವರು ನಿಟ್ಟುಸಿರಿಡುವಾಗ ನಾನೂ ಜೊತೆಗೂಡುತ್ತೇನೆ. ಆದರೆ ನಾನು ಕಳೆದದ್ದು ಬೇರೆ, ಅದು ನನ್ನದೂ ಅಲ್ಲ. ಮೂರು ಮೈಲಿ ನಡೆದು ಲೆಕ್ಕ ಕಲಿಯಬೇಕಿದ್ದ ಒಬ್ಬ ಹುಡುಗಿಯದು.

ಅವತ್ತು ಅಂಗಡಿಯಲ್ಲಿ ಟೀ ಬಂತು, ಆರಿತು. ಕಲ್ಯಾಣದುರ್ಗದ ಮುಂದಿನ ಬಸ್ಸೂ ಹಾರನ್ ಹಾಕಿ ಹೊರಟುಹೋಯಿತು. ಗಂಗಿ "ಇನ್ನು ಬಿಡು" ಎಂದು ಹೇಳುವವರೆಗೆ ನಾನು ಬಟ್ಟೆ ಹಿಡಿದು ನಿಂತೇ ಇದ್ದೆ.